ಸಿರಿಂಜ್‌ಗೆ ಔಷಧ ತುಂಬಿ ಆಗಿತ್ತು

ಅವತ್ತು ಕಣ್ಣಿನ ಇಂಜೆಕ್ಷನ್ ಲಿಸ್ಟ್‌ನಲ್ಲಿ 22 ಜನ ಇದ್ದರು. ನಾನು ಹೇಳುತ್ತಿರುವವರು ಒಂಬತ್ತನೆಯವರು. ವೆಟ್ ಎಎಂಡಿ (ವಯಸ್ಸಾದವರ ಕಣ್ಣಿನ ಹಿಂಭಾಗದ ಪರದೆಯಲ್ಲಿ ರಕ್ತನಾಳ ಸೋರುವ ಕಾಯಿಲೆ), ಬಲಗಣ್ಣು, ಐದನೇ ಡೋಸ್. ಹೃದಯಕ್ಕೆ ಸ್ಟೆಂಟ್ ಹಾಕಿದೆ ಅಂತ ಫೈಲ್‌ನಲ್ಲಿ ಇತ್ತು. ನಮ್ಮ ಸಾಫ್ಟ್‌ವೇರ್‌ನಲ್ಲಿ 'ಹಿಂದಿನಂತೆಯೇ' ಅಂತ ಒಂದು ಬಟನ್ ಇದೆ. ಒತ್ತಿದರೆ ಹೋದ ಸಲದ ಹಿಸ್ಟರಿ ಪೂರ್ತಿ ಬಂದು ಕೂರುತ್ತದೆ. "ಹೊಸದಾಗಿ ಏನೂ ತೊಂದರೆ ಇಲ್ಲ ಅಲ್ವಾ ಸರ್?" ಅಂದೆ. ಅವರು ತಲೆ ಆಡಿಸಿದರು. ನಾನು ಬಟನ್ ಒತ್ತಿದೆ.

ಹಾಗೆ ಕೇಳಿದರೆ ಯಾರು ತಾನೇ 'ಇದೆ' ಅಂತಾರೆ? ಉತ್ತರವನ್ನೂ ನಾನೇ ಕೊಟ್ಟಿದ್ದೆ.

ಬೆಟಡಿನ್ ಹಾಕಿ ಆಯಿತು, ಮುಖ ಮುಚ್ಚುವ ಬಟ್ಟೆ, ಡ್ರೇಪ್, ಹಾಕಿ ಆಯಿತು. ಡಾಕ್ಟ್ರು ಸಿರಿಂಜ್‌ನ ಗಾಳಿ ತೆಗೆದು 0.05 ಮಿಲಿ ಗೆರೆಗೆ ತಂದಿದ್ದರು. ಸೂಜಿಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ಆಗ ಡ್ರೇಪ್ ಒಳಗಿಂದ ಅವರು ಕೇಳಿದರು: "ಸಿಸ್ಟರ್, ರಕ್ತ ತೆಳು ಮಾಡೋ ಮಾತ್ರೆ ಬಿಟ್ಟು ಐದು ದಿನ ಆಯ್ತು. ನಾಳೆಯಿಂದ ತಗೋಬಹುದಾ?"

ಡಾಕ್ಟ್ರ ಕೈ ಅಲ್ಲೇ ನಿಂತಿತು. "ಯಾರು ಬಿಡಕ್ಕೆ ಹೇಳಿದ್ದು ಸರ್?"

"ನಿಮ್ಮ ಚೀಟೀಲೇ ಇತ್ತಲ್ಲ."

ಈ ಐದು ದಿನದಲ್ಲಿ ಏನಾದರೂ ಆಯಿತಾ ಅಂತ ಡಾಕ್ಟ್ರು ನಿಧಾನವಾಗಿ ಕೇಳಿದರು. ಮೊನ್ನೆ ಬೆಳಗ್ಗೆ ಬಲಗೈಯಲ್ಲಿ ಲೋಟ ಹಿಡಿಯಲು ಆಗಲಿಲ್ಲವಂತೆ. ಹತ್ತು ನಿಮಿಷದಲ್ಲಿ ಸರಿ ಹೋಯಿತಂತೆ.

ಆಗ ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ಚುಚ್ಚುತ್ತದೆ. "ಹತ್ತೇ ನಿಮಿಷ ಅಲ್ವಾ ಡಾಕ್ಟ್ರೇ, ಔಷಧ ತುಂಬಿ ಆಗಿದೆ." ನನ್ನ ತಲೆಯಲ್ಲಿ ಇದ್ದದ್ದು ವೇಸ್ಟ್ ಆಗುವ ಡೋಸ್, ಹೊರಗೆ ಕಾಯುತ್ತಿರುವ 13 ಜನ. ಡಾಕ್ಟ್ರು ಏನೂ ಹೇಳದೆ ಸಿರಿಂಜ್ ಟ್ರೇಗೆ ಇಟ್ಟರು. ಡ್ರೇಪ್ ತೆಗೆಸಿ, ಅವರನ್ನು ಗಾಲಿಕುರ್ಚಿಯಲ್ಲಿ ನೇರ ಎಮರ್ಜೆನ್ಸಿಗೆ ಕಳಿಸಿದರು. ಅದು ಟಿಐಎ, ಅಂದರೆ ಬಂದು ತಾನೇ ಹೋಗುವ ಮಿನಿ ಸ್ಟ್ರೋಕ್, ಅಂತ ಸಂಜೆ ಗೊತ್ತಾಯಿತು.

ರೋಗಿಗಳಿಗೆ ಕೊಡುವ ಆ ಸೂಚನೆಗಳ ಚೀಟಿ ತರಿಸಿ ನೋಡಿದೆ. ಅದು ಬೇರೆ ಆಪರೇಷನ್‌ಗೆ ಮಾಡಿದ್ದು. ಖರ್ಚು ಉಳಿಸಲು ಎಲ್ಲರಿಗೂ ಒಂದೇ ಪ್ರಿಂಟ್. ಕಣ್ಣಿನ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಸೂಜಿ 30 ಗೇಜ್‌ನದು, ತುಂಬಾ ಸಣ್ಣ. ಸ್ಟೆಂಟ್ ಇರುವವರು ಮಾತ್ರೆ ಬಿಟ್ಟರೆ ಆಗುವ ಅಪಾಯದ ಮುಂದೆ ಕಣ್ಣಿನ ಬಿಳಿಭಾಗ ಕೆಂಪಾಗುವುದು ಏನೂ ಅಲ್ಲ.

ಔಷಧದ ಕಥೆ ಬೇರೆ. ಕಣ್ಣಿಗೆ ಹಾಕಿದರೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಅದಕ್ಕೇ ಸ್ಟ್ರೋಕ್‌ನ ಚಿಂತೆ. ಈ ಕಾಯಿಲೆಗೆ ಹಾಕುವ ಔಷಧಗಳಲ್ಲಿ ರಾನಿಬಿಜುಮಾಬ್ ರಕ್ತದಿಂದ ಬೇಗ ಖಾಲಿಯಾಗುತ್ತದೆ, ಬೆವಾಸಿಜುಮಾಬ್ ಜಾಸ್ತಿ ದಿನ ಉಳಿಯುತ್ತದೆ. ಈ ಎರಡನ್ನೂ ಹೋಲಿಸಿ ನೋಡಿದ 2011ರ ಕ್ಯಾಟ್ (CATT) ಅಧ್ಯಯನದ ಮೊದಲ ವರ್ಷದಲ್ಲಿ ಸಾವು, ಹೃದಯಾಘಾತ, ಸ್ಟ್ರೋಕ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಅಲ್ಲಿ ಇಂಜೆಕ್ಷನ್ ಇಲ್ಲದ ಗುಂಪೇ ಇರಲಿಲ್ಲ. ಇಂಥ ಎಷ್ಟೋ ಟ್ರಯಲ್‌ಗಳಲ್ಲಿ ಈಚೆಗೆ ಸ್ಟ್ರೋಕ್ ಆದವರನ್ನು ಸೇರಿಸಿಕೊಳ್ಳುವುದೂ ಇಲ್ಲ. ಹಾಗಾಗಿ ಹಳೇ ಹೃದಯ ತೊಂದರೆ ಇರುವವರಿಗೆ ಧೈರ್ಯವಾಗಿ ಕೊಡುತ್ತೇವೆ. ಮೊನ್ನೆ ಮೊನ್ನೆ ಆದದ್ದು ಅಂದರೆ ನಿಂತು, ಅವರ ಡಾಕ್ಟ್ರ ಜೊತೆ ಮಾತಾಡಿಯೇ ಮುಂದಿನ ಹೆಜ್ಜೆ.

ಕಾಯುವುದೂ ಸುಮ್ನೆ ಅಲ್ಲ. ಅವರು ಆರು ವಾರ ಕಳೆದು ಬಂದಾಗ ಓಸಿಟಿಯಲ್ಲಿ (ಕಣ್ಣಿನ ಪರದೆಯ ಸ್ಕ್ಯಾನ್) ಫ್ಲೂಯಿಡ್ ಮತ್ತೆ ತುಂಬಿತ್ತು. ಚಾರ್ಟ್‌ನಲ್ಲಿ ಎರಡು ಸಾಲು ಕಮ್ಮಿ ಓದಿದರು. ರಾನಿಬಿಜುಮಾಬ್ ಹಾಕಿದ ಮೇಲೆ ಒಂದು ಸಾಲು ವಾಪಸ್ ಬಂತು. ಇನ್ನೊಂದು ಬರಲೇ ಇಲ್ಲ.

ಈಗ ನಾನು ಕೇಳುವುದು ಹೀಗೆ: "ಹೋದ ಸಲ ಇಲ್ಲಿಂದ ಹೋದ ಮೇಲೆ ಯಾವ ಮಾತ್ರೆ ಬಿಟ್ರಿ? ಕೈ, ಕಾಲು, ಮಾತು, ಎದೆ, ಯಾವುದಕ್ಕಾದ್ರೂ ಏನಾದ್ರೂ ಆಯ್ತಾ?" ಒಬ್ಬೊಬ್ಬರಿಗೆ ಎರಡು ನಿಮಿಷ ಹಿಡಿಯುತ್ತದೆ. ಲಿಸ್ಟ್ ಮಾತ್ರ 22ರಿಂದ ಇಳಿದಿಲ್ಲ.

ಚೀಟಿ ಬದಲಾಗಲು ಮ್ಯಾನೇಜ್‌ಮೆಂಟ್‌ಗೆ ನಾಲ್ಕು ವಾರ ಬೇಕಾಯಿತು. ಆ ಬಟನ್ ತೆಗೆಯಿರಿ ಅಂತ ಮೂರು ಸಲ ಮೇಲ್ ಹಾಕಿದ್ದೇನೆ. ಇನ್ನೂ ಅಲ್ಲೇ ಇದೆ. ನಾಳೆ ನಾಲ್ಕನೆಯದು ಹಾಕುತ್ತೇನೆ.