ಪೇಸ್ಲಿ ಫಲಕ: ಒಳಗಿನ ಮರಿಕಾಯಿ ಕೊನೆಗೂ ಕೂತಿತು

ವರ್ಷವಿಡೀ ಸಾಂಸ್ಕೃತಿಕ ಕಾರ್ಯಕ್ರಮ ನಡೆಸಲು ಒಂದು ಊರಿಗೆ ಕೊಡುವ 'ಸಾಂಸ್ಕೃತಿಕ ನಗರ' ಪಟ್ಟಕ್ಕೆ ಸ್ಪರ್ಧಿಸಿ ಸೋತ ಊರುಗಳ ಮೇಲೆ ನಾನು ಹಾಕುತ್ತಿರುವ ಕಸೂತಿ ಫಲಕಗಳ ಸರಣಿಯಲ್ಲಿ ಪೇಸ್ಲಿ ಮುಗಿಯಿತು. ಸ್ಕಾಟ್ಲೆಂಡಿನ ಈ ಊರು 2021ರ ಬ್ರಿಟನ್ ಪಟ್ಟದ ಕೊನೆಯ ಸುತ್ತಿನವರೆಗೂ ಬಂದು, 2017ರ ಡಿಸೆಂಬರಿನಲ್ಲಿ ಕವೆಂಟ್ರಿಗೆ ಸೋತಿತು. ಕಾಶ್ಮೀರಿ ಶಾಲು ನೋಡಿ ನೇಯ್ದು ನೇಯ್ದು, ನಮ್ಮ ಮಾವಿನಕಾಯಿ ಬುಟ್ಟಾಕ್ಕೆ ತನ್ನ ಹೆಸರನ್ನೇ ಕೊಟ್ಟ ಊರು ಇದು. ಬುಟ್ಟಾ ಬಿಟ್ಟು ಬೇರೇನು ಹಾಕಲಿ?

ಅಂಚು, ಮುರ್ಗಿ (ಮೆಟ್ಟಿಲಿನಂತೆ ಅಂಕುಡೊಂಕಾಗಿ ಹೋಗುವ ಹೊಲಿಗೆ) ಎಲ್ಲ ಸಲೀಸಾಗಿ ಬಂತು. ಸತಾಯಿಸಿದ್ದು ದೊಡ್ಡ ಕಾಯಿಯ ಒಳಗಿನ ಮರಿಕಾಯಿ. ಹೊರಗೆರೆಗೆ ತಾಗದೆ ನಡುವೆ ನಿಲ್ಲಬೇಕು. ಗವಂತಿಯಲ್ಲಿ (ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುವ, ಎರಡೂ ಬದಿ ಒಂದೇ ಥರ ಕಾಣುವ ಹೊಲಿಗೆ) ಗಂಟು ಹಾಕುವಂತಿಲ್ಲ, ದಾರ ಹಾರಿಸಿದರೆ ಹಿಂಬದಿ ಗೆರೆ ಬೀಳುತ್ತದೆ. ಜೊತೆಗೆ ಬಟ್ಟೆಯ ಕಾಟ. ಎಳೆ ಸಮ ಇದೆ ಅಂತ ಅಂಗಡಿಯವರು ಕೊಟ್ಟ ಮ್ಯಾಟಿಯಲ್ಲಿ (ಎಳೆ ಎಣಿಸಿ ಹೊಲಿಯುವ ಬಟ್ಟೆ) ಹಾಸಿಗಿಂತ ಹೊಕ್ಕು ಒತ್ತಾಗಿತ್ತು, ಕಾಯಿ ಅಮುಕಿದ ಹಾಗೆ ಕಂಡಿತು. ಕತ್ತರಿಸಿದ ಬಟ್ಟೆ ವಾಪಸ್ ಇಲ್ಲವಂತೆ!

ದಾರಿ ಸಿಕ್ಕಿದ್ದು ಹಳೆ ಶಾಲುಗಳ ಚಿತ್ರದಲ್ಲಿ. ಬುಟ್ಟಾ ಮೂಲತಃ ತುದಿ ಬಾಗಿದ ಹೂಗಿಡ. ಹಾಗಾದರೆ ಒಳಗೊಂದು ಕಾಂಡ ಇರಬಹುದು, ಅಲ್ವಾ? ಬುಡದಿಂದ ಕಾಂಡ ಏರಿ, ಮರಿಕಾಯಿ ಸುತ್ತಿ, ಬಂದ ದಾರಿಯಲ್ಲೇ ಖಾಲಿ ತುಂಬುತ್ತಾ ತಿರುಗಿ ಇಳಿದೆ. ಹಿಂದು ಮುಂದು ಒಂದೇ!

ಕೆಳಗಿನ ಅಂಚಿನಲ್ಲಿ ಟೌನ್ ಹಾಲ್ ಮತ್ತು ಗ್ರಂಥಾಲಯ ಇವೆ. ಸೋತ ಮೇಲೂ 'ಫ್ಯೂಚರ್ ಪೇಸ್ಲಿ' ಹೆಸರಲ್ಲಿ ಕೆಲಸ ಮುಂದುವರಿಯಿತು. 2.2 ಕೋಟಿ ಪೌಂಡಿನಲ್ಲಿ ನವೀಕರಿಸಿದ ಟೌನ್ ಹಾಲ್ 2023ರಲ್ಲಿ ತೆರೆಯಿತು. ಅದೇ ವರ್ಷ ಹೈ ಸ್ಟ್ರೀಟಿನಲ್ಲಿ ಖಾಲಿ ಬಿದ್ದಿದ್ದ ಅಂಗಡಿಯ ಜಾಗದಲ್ಲಿ ಗ್ರಂಥಾಲಯ ಬಂತು. ಮ್ಯೂಸಿಯಂ ಮಾತ್ರ 2018ರಲ್ಲಿ ಬಾಗಿಲು ಹಾಕಿದ್ದು, ಕೆಲಸ ವರ್ಷಗಟ್ಟಲೆ ಎಳೆಯಿತು. ಪಟ್ಟದ ಜೊತೆ ಬರುವ ಹಣ ಬೇರೆಯೇ, ಅದು ಕೈತಪ್ಪಿದ್ದು ಸಣ್ಣ ನಷ್ಟವಲ್ಲ. ಆದರೆ ಗೆದ್ದ ಕವೆಂಟ್ರಿಯಲ್ಲಿ ಆ ವರ್ಷಾಚರಣೆ ನಡೆಸಿದ ಟ್ರಸ್ಟ್ 2023ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಸೇರಿತು. ಅದಕ್ಕೇ ಸೋತ ಊರು ಅಂದರೆ ಮುಗಿದ ಊರು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಮುಂದಿನ ಫಲಕ ಸ್ಕಾಟ್ಲೆಂಡಿನದೇ ಇನ್ನೊಂದು ಊರು ಡಂಡಿ. ಅದು ಸ್ಪರ್ಧಿಸಿದ್ದ 2017ರ ಬ್ರಿಟನ್ ಪಟ್ಟ ಹಲ್ ಊರಿಗೆ ಅಂತ 2013ರಲ್ಲೇ ತೀರ್ಮಾನವಾಯಿತು. ಮರುವರ್ಷವೇ, 2014ರಲ್ಲಿ, ಡಂಡಿ ಯುನೆಸ್ಕೋ ವಿನ್ಯಾಸ ನಗರವಾಯಿತು. ಆಮೇಲೆ 2023ರ 'ಯುರೋಪಿನ ಸಾಂಸ್ಕೃತಿಕ ರಾಜಧಾನಿ' ಪಟ್ಟಕ್ಕೆ ಹೊರಟಿತ್ತು, ಬ್ರೆಕ್ಸಿಟ್‌ನಿಂದ ಆ ಬಾಗಿಲೇ ಮುಚ್ಚಿತು. ಜೊತೆಗೆ ಸ್ಪರ್ಧೆಯಲ್ಲಿದ್ದ ಲೀಡ್ಸ್ ಮಾತ್ರ ಪಟ್ಟವಿಲ್ಲದೆ ತಾನೇ 2023ನ್ನು ಸಂಸ್ಕೃತಿ ವರ್ಷವಾಗಿ ನಡೆಸಿತು. ಬಂಗಾಳದ ಸೆಣಬಿನ ಮೇಲೆ ಬೆಳೆದ ಊರು ಡಂಡಿ, ಹಾಗಾಗಿ ಫಲಕ ಗೋಣಿ ಬಟ್ಟೆಯ ಮೇಲೇ ಆಗಬೇಕು. ಎಳೆ ಎಣಿಸಲು ಬರುವಂಥ ಸಣ್ಣ ನೇಯ್ಗೆಯ ಗೋಣಿ ಎಲ್ಲಿ ಸಿಗುತ್ತೆ, ಗೊತ್ತಿದ್ದವರು ಹೇಳಿ.