ಎಲೆಗೆ ಹಚ್ಚಿದ್ದು

"ನಾನು ಎಲೆಗೆ ತಾನೇ ಹಚ್ಚಿದ್ದು, ಕೇಬಲ್‌ಗೆ ಅಲ್ಲವಲ್ಲ?"

ಮಂಗಳವಾರದಿಂದ ಈ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದವರು ಮೂರನೇ ಮನೆಯ ಅಂಕಲ್. ರಿಟೈರ್ ಆದವರು, ಒಳ್ಳೆಯವರೇ, ಯುಗಾದಿಗೆ ತಪ್ಪದೆ ಒಬ್ಬಟ್ಟು ಕಳಿಸುತ್ತಾರೆ. ಕಸ ಕಂಡರೆ ಮಾತ್ರ ಅವರ ಕೈ ಬೆಂಕಿಪೊಟ್ಟಣಕ್ಕೆ ಹೋಗುತ್ತದೆ.

ವಿಜಯನಗರದ ನಮ್ಮ ಕ್ರಾಸ್‌ನಲ್ಲಿ ಈಗ ಹೊಂಗೆ ಎಲೆ ಉದುರುವ ಕಾಲ. ಅಂಕಲ್ ನೀಟಾಗಿ ಗುಡಿಸಿ, ಮರದ ಬುಡಕ್ಕೇ ಗುಡ್ಡೆ ಹಾಕಿ ಹಚ್ಚಿದ್ದಾರೆ. ಬೆಂಗಳೂರಿನ ಮರದಲ್ಲಿ ಎಲೆ ಬಿಟ್ಟು ಇನ್ನೇನು ಜೋತಾಡುತ್ತಿರುತ್ತದೆ ಅಂತ ನಿಮಗೇ ಗೊತ್ತು. ಸುರುಳಿ ಸುರುಳಿ ಇಂಟರ್‌ನೆಟ್ ಕೇಬಲ್. ಅರ್ಧಕ್ಕರ್ಧ ಯಾವ ಕಾಲದ್ದೋ, ಯಾರದ್ದೋ.

ನಾನು ಹಾಲು ತೆಗೆದುಕೊಂಡು ಬರುವಾಗ ಎಲೆಯ ಬೆಂಕಿ ಇಳಿದಿತ್ತು. "ಮೇಡಂ, ಆ ಕಡೆ ಬನ್ನಿ, ಮೇಲಿಂದ ಬೀಳ್ತಿದೆ!" ಅಂತ ಇಸ್ತ್ರಿ ಅಣ್ಣ ಕೂಗಿದ. ನೋಡಿದರೆ ಕೇಬಲ್ ಹತ್ತಿಕೊಂಡಿದೆ. ಉರಿ ದೊಡ್ಡದೇನಲ್ಲ. ಅದರ ಅಡಿಯಲ್ಲಿ ಕಪ್ಪಗೆ ಒಂದು ಹನಿ ಕಟ್ಟುತ್ತದೆ, ದಪ್ಪಗಾಗುತ್ತದೆ, ಎಳೆಯಾಗಿ ಉದ್ದಕ್ಕೆ ಇಳಿಯುತ್ತದೆ, ಕಳಚುತ್ತದೆ. ಬೀಳುವಾಗಲೂ ಉರಿಯುತ್ತಲೇ ಇರುತ್ತದೆ. ಜುಯ್ ಅಂತ ಸಣ್ಣ ಸದ್ದು ಬೇರೆ. ಒಂದಾದ ಮೇಲೆ ಒಂದು. ಕೆಳಗೆ ಪಿಜಿ ಹುಡುಗನ ಸ್ಕೂಟರ್.

ಯಾರೋ ಬಕೆಟ್ ನೀರು ತಂದರು. ಮರದೊಳಗೇ ಕರೆಂಟ್ ತಂತಿ ಹಾದುಹೋಗಿದೆ ಅಂತ ಇಸ್ತ್ರಿ ಅಣ್ಣನೇ ಅವರನ್ನು ತಡೆದ. ಸ್ಕೂಟರ್ ಹ್ಯಾಂಡಲ್ ಲಾಕ್. ಅದರ ಹಿಂಭಾಗ ಎತ್ತಿ ಪಕ್ಕಕ್ಕೆ ಎಳೆಯುವಾಗ ಒಂದು ಹನಿ ಅವನ ಮುಂಗೈ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ಅಂಟಿಕೊಂಡಿತು. ಪಕ್ಕದಲ್ಲಿದ್ದವರು ಕೀಳಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡ. "ಕಿತ್ತರೆ ಚರ್ಮಾನೂ ಬರುತ್ತೆ, ಬಿಡಿ" ಅಂತ ಸೀದಾ ಹೋಗಿ ನಲ್ಲಿ ಕೆಳಗೆ ಕೈ ಇಟ್ಟ. ಪಾಲಿಯೆಸ್ಟರ್ ಸೀರೆ ಇಸ್ತ್ರಿಪೆಟ್ಟಿಗೆಗೆ ಅಂಟುವುದನ್ನು ದಿನಾ ನೋಡುವವನು. ಡಾಕ್ಟರ್ ಹೇಳುವುದೂ ಅದನ್ನೇ: 20 ನಿಮಿಷ ತಣ್ಣೀರು ಬಿಡಬೇಕು, ಅಂಟಿದ್ದನ್ನು ಕೀಳಬಾರದು. ಆ ಬೀದಿಯಲ್ಲಿ ಅವತ್ತು ಬುದ್ಧಿ ನೆಟ್ಟಗಿದ್ದದ್ದು ಅವನೊಬ್ಬನಿಗೇ.

ಕೇಬಲ್‌ನ ಹೊರಹೊದಿಕೆ ಸಾಮಾನ್ಯವಾಗಿ ಪಾಲಿಎಥಿಲೀನ್. ನನ್ನ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟೂ ಅದೇ ಜಾತಿ. ಮೇಣಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ಅದಕ್ಕೇ ಬೀದಿಯೆಲ್ಲಾ ಆರಿಸಿದ ಮೇಣದಬತ್ತಿಯ ವಾಸನೆ. ಇದು ಕರಗಲು 110ರಿಂದ 130 ಡಿಗ್ರಿ ಸಾಕು. ಹೊತ್ತಿಕೊಳ್ಳಲು 300 ದಾಟಬೇಕು. ಹಾಗಾಗಿ ಉರಿಯ ಪಕ್ಕದಲ್ಲಿರುವುದು ಉರಿಯುವ ಮೊದಲೇ ಕರಗಿ ಹರಿಯುತ್ತದೆ, ಹೋಗುವಾಗ ಬೆಂಕಿಯನ್ನೂ ಕರೆದುಕೊಂಡು ಹೋಗುತ್ತದೆ. ಅದರ ಉದ್ದುದ್ದ ಅಣುಸರಪಳಿಗಳಿಗೆ ಒಂದಕ್ಕೊಂದು ಬೆಸುಗೆ ಇಲ್ಲ. ಬಿಸಿಯಾದರೆ ಜಾರುತ್ತವೆ, ಅಷ್ಟೇ. ಅಜ್ಜಿ ಮನೆಯ ಕಪ್ಪು ಬೇಕಲೈಟ್ ಸ್ವಿಚ್ ಹೀಗಲ್ಲ. ಅದರಲ್ಲಿ ಸರಪಳಿಗಳು ಅಡ್ಡಡ್ಡ ಬೆಸೆದುಕೊಂಡಿರುತ್ತವೆ. ಇದ್ದಲ್ಲೇ ಇದ್ದಿಲಾಗುತ್ತದೆ, ತೊಟ್ಟಿಕ್ಕುವುದಿಲ್ಲ. ಪಿವಿಸಿಯದು ಇನ್ನೊಂದು ಸ್ವಭಾವ. ಅದರಲ್ಲಿ ಕ್ಲೋರಿನ್ ಇರುವುದರಿಂದ ತಾನಾಗಿ ಉರಿಯಲು ಒಪ್ಪುವುದಿಲ್ಲ, ಆದರೆ ಸುಟ್ಟರೆ ಮೂಗು, ಗಂಟಲು ಉರಿಸುವ ಆಮ್ಲದ ಹೊಗೆ ಬಿಡುತ್ತದೆ.

ಪ್ಲಾಸ್ಟಿಕ್ ಹೇಗೆ ಉರಿಯುತ್ತದೆ, ಹೇಗೆ ತೊಟ್ಟಿಕ್ಕುತ್ತದೆ ಅಂತ ನೋಡಲು ಒಂದು ಪರೀಕ್ಷೆ ಇದೆ, ಯುಎಲ್ 94 ಅಂತ. ಪ್ಲಾಸ್ಟಿಕ್ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, 30 ಸೆಂಟಿಮೀಟರ್ ಕೆಳಗೆ ಹತ್ತಿ ಇಡುತ್ತಾರೆ. ಪಟ್ಟಿಯ ತುದಿಗೆ 10 ಸೆಕೆಂಡ್ ಉರಿ ಹಿಡಿಯುತ್ತಾರೆ, ಆರಿದ ಮೇಲೆ ಇನ್ನೊಮ್ಮೆ ಹಿಡಿಯುತ್ತಾರೆ. ಬೇಗ ಆರಿ, ಹತ್ತಿಗೂ ಬೆಂಕಿ ತಾಗದಿದ್ದರೆ ವಿ-0, ಅಂದರೆ ಮೇಲಿನ ದರ್ಜೆ. ಆರಿದರೂ ಹನಿ ಬಿದ್ದು ಹತ್ತಿ ಹೊತ್ತಿಕೊಂಡರೆ ವಿ-2. ಪರೀಕ್ಷೆ ಮಾಡಿದವರು ಪಟ್ಟಿಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ ನೋಡಿ, ಕೆಳಗಿರುವ ಹತ್ತಿಯನ್ನೂ ಲೆಕ್ಕಕ್ಕೆ ತಗೊಂಡರು. ಅಂಕಲ್‌ಗೆ ಇದನ್ನು ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದ್ದನ್ನೂ.

ಹೇಳಿದ್ದರೂ ಏನಾಗುತ್ತಿತ್ತು? "ನಾನು ಎಲೆಗೆ ತಾನೇ ಹಚ್ಚಿದ್ದು." ಎಷ್ಟು ಸಲೀಸಾದ ಮಾತು! ಗುಡಿಸಿದವರು ಇವರು, ಎಲೆ ಉದುರಿಸಿದ್ದು ಮರ, ಕೇಬಲ್ ಎಳೆದವರು ಇನ್ಯಾರೋ. ಎಲ್ಲರೂ ಅವರವರ ಕೆಲಸ ಮಾತ್ರ ಮಾಡಿದ್ದಾರೆ. ನನ್ನನ್ನು ಸೇರಿಸಿ ಬೀದಿಯವರೆಲ್ಲಾ ಆಮೇಲೆ ಕೇಳಿದ್ದು ಒಂದೇ: ನೆಟ್ ಯಾವಾಗ ಬರುತ್ತೆ?

ನೆಟ್ ಮರುದಿನವೇ ಬಂತು. ಏಣಿ ಹಾಕಿಕೊಂಡು ಬಂದ ಹುಡುಗ ಹೊಸ ಕೇಬಲ್ ಎಳೆದ, ಸುಟ್ಟದ್ದನ್ನು ಅಲ್ಲೇ ಬಿಟ್ಟ. ಅದು ಈಗಲೂ ಮರದಲ್ಲಿದೆ, ಹೊಸದರ ಜೊತೆಗೆ.

ಸ್ಕೂಟರ್ ಸೀಟಿನ ರೆಕ್ಸಿನ್‌ನಲ್ಲಿ ಬೆರಳು ತೂರುವಷ್ಟು ಮೂರು ತೂತು. ಒಳಗಿನ ಫೋಮ್ ಕಂದಿ ಗುಳಿ ಬಿದ್ದಿದೆ. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಹುಡುಗ ಮಧ್ಯಾಹ್ನ ಎದ್ದು ಬಂದು ನೋಡಿದ. ಜಗಳ ಆಡುವ ಜಾತಿಯಲ್ಲ, ಪಾಪ. ಹೊಸ ಸೀಟಿಗೆ ಎಷ್ಟಾಗುತ್ತೆ ಅಂತ ಗ್ಯಾರೇಜಿನಲ್ಲಿ ವಿಚಾರಿಸಿಕೊಂಡು ಅಂಕಲ್ ಮನೆ ಗೇಟಿನ ಮುಂದೆ ನಿಂತ.

"ಕೊಡ್ತೀನಪ್ಪ, ಇಲ್ಲ ಅನ್ನಲ್ಲ" ಅಂದರು ಅಂಕಲ್. "ಎಲೆಯಿಂದ ಆದ ನಷ್ಟ ಎಷ್ಟು ಅಂತ ಹೇಳು."