ಹಳೇ ಚೈನ್‌ಸಾ ಕೊಳ್ಳುವ ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ

ಕಾಫಿ ಕೊಯ್ಲು ಮುಗಿದು ಮರಗಸಿ ಶುರುವಾಗುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ ಕಡೆ ಹಳೇ ಚೈನ್‌ಸಾಗಳು ಮಾರಾಟಕ್ಕೆ ಬರುತ್ತವೆ. ಮಳೆಗಾಲ ಪೂರ್ತಿ ಗೋಡೌನಿನ ಮೂಲೆಯಲ್ಲಿ ಕೂತಿದ್ದ ಮೆಷಿನ್ನನ್ನು ತೆಗೆದು ಹಗ್ಗ ಎಳೆಯುತ್ತಾರೆ, ಸ್ಟಾರ್ಟ್ ಆಗುವುದಿಲ್ಲ, ಹೊಸದು ತರುತ್ತಾರೆ, ಹಳೆಯದನ್ನು ಬಂದ ಬೆಲೆಗೆ ಕೊಡುತ್ತಾರೆ. ಈ ಸಲ ಒಂದು ತೋಟದಲ್ಲಿ ಹಾಗೆ ಸಿಕ್ಕಿದ್ದು ಸ್ಟಿಲ್ ಕಂಪನಿಯ ಎರಡು ಎಂಎಸ್ 180. ಎರಡೂ ಒಂದೇ ಮಾಡೆಲ್, ಒಟ್ಟಿಗೇ ಕೊಡುವ ಮಾತು. "ಒಂದು ಓಡ್ತದೆ ಮಾರಾಯ್ರೆ, ಇನ್ನೊಂದಕ್ಕೆ ಪ್ಲಗ್ ಹೋಗಿದೆ ಅಷ್ಟೆ" ಅಂದರು ಕೊಡುವವರು. ಹಳೇ ಚೈನ್‌ಸಾ ಮಾರುವಾಗ ಹೋಗಿರುವುದು ಯಾವಾಗಲೂ ಪ್ಲಗ್ಗೇ. ಅವರು ಸುಳ್ಳು ಹೇಳುತ್ತಿರುತ್ತಾರೆ ಅಂತಲ್ಲ, ಪ್ಲಗ್ ಬಿಟ್ಟು ಒಳಗಿನದನ್ನು ಯಾರೂ ನೋಡಿರುವುದಿಲ್ಲ.

ಮೆಷಿನ್ ನೋಡಲು ಹೋಗುವ ಮೊದಲೇ ಹೇಳಿಡಬೇಕು: ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಡಬೇಡಿ, ತಣ್ಣಗೆ ಇರಲಿ. ಮೊದಲ ಪರೀಕ್ಷೆಗೆ ಯಾವ ಟೂಲೂ ಬೇಡ. ಸ್ಟಾರ್ಟರ್ ಹಿಡಿ ಹಿಡಿದು ಇಡೀ ಮೆಷಿನ್ನನ್ನು ಹಗ್ಗದ ಮೇಲೆ ತೂಗಿಬಿಡಿ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಿಗಿ, ಇದ್ದರೆ ತಡೆದು ತಡೆದು ಇಳಿಯುತ್ತದೆ, ಸರ್ರನೆ ಇಳಿದರೆ ಒಳಗೆ ಏನೋ ಸವೆದಿದೆ. ಕಂಪ್ರೆಶನ್ ಅಳೆಯುವ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಪ್ಲಗ್ ಬಿಚ್ಚಿ ಗೇಜ್ ಹಾಕಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. 130ರಿಂದ 150 ಪಿಎಸ್‌ಐ (ಒತ್ತಡದ ಅಳತೆ) ಬಂದರೆ ಆರೋಗ್ಯ. 100ರ ಆಸುಪಾಸು ಇರುವ ಮೆಷಿನ್ ಬೆಳಿಗ್ಗೆ ಸ್ಟಾರ್ಟ್ ಆದೀತು, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹತ್ತುವುದಿಲ್ಲ.

ಗೇಜ್ ಕೂಡ ಅರ್ಧ ಸತ್ಯವನ್ನೇ ಹೇಳುತ್ತದೆ. ಪೂರ್ತಿ ಕಾಣುವುದು ಸೈಲೆನ್ಸರ್ ಬಿಚ್ಚಿದಾಗ. ಅದಕ್ಕೆ ಹತ್ತು ನಿಮಿಷ ಸಾಕು. ಬಿಚ್ಚಿ, ಹೊಗೆ ಹೋಗುವ ಕಿಂಡಿಗೆ ಟಾರ್ಚ್ ಹಿಡಿದು, ಹಗ್ಗವನ್ನು ನಿಧಾನ ಎಳೆಯುತ್ತ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಬೇಕು. ಒಳ್ಳೆಯ ಪಿಸ್ಟನ್ನಿನ ಪಕ್ಕ ನಯವಾಗಿ ಬೂದು ಬಣ್ಣದಲ್ಲಿದ್ದು, ಕಾರ್ಖಾನೆಯಲ್ಲಿ ಕಡೆದ ಸಣ್ಣ ಅಡ್ಡ ಗೆರೆಗಳು ಹಾಗೇ ಕಾಣುತ್ತವೆ. ಮೊದಲ ಮೆಷಿನ್ನಿನಲ್ಲಿ ಅಡ್ಡ ಗೆರೆಗಳ ಮೇಲೆ ಮೂರು ನಾಲ್ಕು ಉದ್ದ ಗೀರುಗಳಿದ್ದವು. ಉಗುರು ತಾಗಿಸಿದರೆ ಸಿಕ್ಕಿಯೂ ಸಿಗದಷ್ಟು ಆಳ, ರಿಂಗ್ ಅಂಟಿಕೊಳ್ಳದೆ ಅಲುಗುತ್ತಿತ್ತು. ಎರಡನೆಯದರಲ್ಲಿ ಈ ಕಡೆ ಗೀರು ಕಡಿಮೆ. ಕಾರ್ಬೊರೇಟರ್ ಬಿಚ್ಚಿ ಆ ಕಡೆಯ ಕಿಂಡಿಯಿಂದ ನೋಡಿದರೆ ಪಿಸ್ಟನ್ ಮಬ್ಬು ಮಬ್ಬಾಗಿ, ಎಮರಿ ಪೇಪರ್ ಹಾಕಿ ಉಜ್ಜಿದ ಹಾಗೆ ಸವೆದಿತ್ತು. ಏರ್ ಫಿಲ್ಟರಿನ ಒಂದು ಮೂಲೆ ಮುರಿದಿತ್ತು.

ಗೀರು ಎಲ್ಲಿದೆ ಎನ್ನುವುದೇ ಕಾರಣ ಹೇಳುತ್ತದೆ. ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಇಂಜಿನ್ ಅತಿ ಬಿಸಿಯಾಗಿದೆ, ಅಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ ಹೋಗಿದೆ. ಕಾರ್ಬೊರೇಟರ್ ಕಡೆ ಮಬ್ಬಾಗಿ ಸವೆದಿದ್ದರೆ ಫಿಲ್ಟರ್ ದಾಟಿ ಮರದ ಹುಡಿ, ಧೂಳು ಒಳಹೊಕ್ಕಿದೆ. ಸುತ್ತಲೂ ಸಮವಾಗಿ ಗೀರಿದ್ದರೆ ಯಾರೋ ಆಯಿಲ್ ಹಾಕದೆ ಬರೀ ಪೆಟ್ರೋಲ್ ಹಾಕಿದ್ದಾರೆ. ಇದನ್ನು ಓದದೆ ಹೊಸ ಪಿಸ್ಟನ್ ಹಾಕಿ ಕೊಡುವ ರಿಪೇರಿಯೇ ನಮ್ಮ ಕಡೆ ಹೆಚ್ಚು. ಗಾಳಿ ಎಲ್ಲಿಂದ ನುಗ್ಗುತ್ತಿತ್ತೋ ಅಲ್ಲಿಂದಲೇ ನುಗ್ಗುತ್ತಿರುತ್ತದೆ, ಹೊಸ ಪಿಸ್ಟನ್ ಕೂಡ ಅದೇ ಜಾಗದಲ್ಲಿ ಗೀರುತ್ತದೆ, ಬೈಗುಳ ಮಾತ್ರ ಪಾರ್ಟ್ ಮಾಡಿದವರಿಗೆ.

ಕೊಳ್ಳುವಾಗ ಉಳಿದದ್ದನ್ನು ಬೇಗ ನೋಡಿ ಮುಗಿಸಬಹುದು. ಫ್ಲೈವೀಲ್ (ಸ್ಟಾರ್ಟರ್ ಹಿಂದೆ ತಿರುಗುವ ಚಕ್ರ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಇರಬಾರದು, ಇದ್ದರೆ ಬೇರಿಂಗ್ ಹೋಗಿದೆ. ಚೈನ್ ಸ್ಪ್ರಾಕೆಟ್ಟಿನ ಹಲ್ಲಿನಲ್ಲಿ ಅರ್ಧ ಮಿಲಿಮೀಟರಿಗಿಂತ ಆಳದ ತಗ್ಗು ಬಿದ್ದಿದ್ದರೆ ಬದಲಿಸಲೇಬೇಕು, ಇಲ್ಲದಿದ್ದರೆ ಹೊಸ ಚೈನನ್ನೂ ಅದು ತಿನ್ನುತ್ತದೆ. ಚೈನ್ ಬ್ರೇಕ್ ಕೆಲಸ ಮಾಡದ, ತುಂಡಾದ ಚೈನನ್ನು ಹಿಡಿಯುವ ಚೈನ್ ಕ್ಯಾಚರ್ ಮುರಿದ ಮೆಷಿನ್ನನ್ನು ರಿಪೇರಿ ಮಾಡದೆ ಯಾರ ಕೈಗೂ ಕೊಡಬಾರದು. ಬಾರಿನ (ಚೈನ್ ಸುತ್ತುವ ಉದ್ದ ಪಟ್ಟಿ) ತುದಿ ಒದ್ದು ಹಿಂದಕ್ಕೆ ಬಂದಾಗ ಮುಖಕ್ಕೂ ಚೈನಿಗೂ ನಡುವೆ ಇರುವುದು ಆ ಬ್ರೇಕ್ ಒಂದೇ. ಬಿಲ್ ಇದ್ದರೆ ಕೇಳಿ ಪಡೆಯಿರಿ, ಕದ್ದ ಮೆಷಿನ್ನುಗಳೂ ತಿರುಗಾಡುತ್ತವೆ. ಬೆಲೆಯ ಮಟ್ಟಿಗೆ ನಮ್ಮ ಲೆಕ್ಕ ಇಷ್ಟೆ: ಕೊಳ್ಳುವ ದುಡ್ಡು, ಪಾರ್ಟಿನ ದುಡ್ಡು ಎರಡೂ ಸೇರಿ ಹೊಸದರ ಅರ್ಧ ದಾಟಿದರೆ ಬಿಟ್ಟುಬಿಡುವುದು ಒಳ್ಳೆಯದು. ಇಲ್ಲಿ ಗೀರು ತೋರಿಸಿದ ಮೇಲೆ ಬೆಲೆ ತಾನಾಗಿ ಇಳಿಯಿತು.

ಕೆಲಸ ಶುರು ಮಾಡಿದ್ದು ಗೀರು ಆಳವಾಗಿಲ್ಲದ, ಉಜ್ಜಿದ ಹಾಗೆ ಸವೆಯದ ಮೊದಲನೆಯದರಲ್ಲಿ. ಮೊದಲು ನೋಡಬೇಕಾದ್ದು ಪೆಟ್ರೋಲ್ ಹೋಗುವ ದಾರಿ. ಟ್ಯಾಂಕ್ ತೆರೆದ ಕೂಡಲೇ ಹುಳಿ ವಾಸನೆ, ತಳದಲ್ಲಿ ಬಿಳಿ ಮೋಡದಂಥ ಪದರ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ಗಾಳಿಯ ನೀರನ್ನು ಹೀರಿಕೊಂಡು, ಒಂದು ಹಂತ ದಾಟಿದ ಮೇಲೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪೆಟ್ರೋಲಿಗೆ ಬೆರೆಸಿದ ಟೂ-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಬಿದ್ದುಕೊಂಡಿರುವುದು ತಳದಲ್ಲಿ. ಹಾಗಾಗಿ ಸ್ಟಾರ್ಟ್ ಮಾಡಿದವರಿಗೆ ಗೊತ್ತಿಲ್ಲದೆಯೇ ಆಯಿಲ್ ಇಲ್ಲದ ನೀರು-ಎಥನಾಲ್ ಮೊದಲು ಇಂಜಿನ್ನಿಗೆ ಹೋಗುತ್ತದೆ. ಪೆಟ್ರೋಲ್ ಪೈಪ್ ಬೆರಳಲ್ಲಿ ಬಗ್ಗಿಸಿದರೆ ಬಿರುಕು ಬಿಟ್ಟಿತು. ಪೈಪ್, ಫಿಲ್ಟರ್ ಎರಡೂ ಹೊಸದು. ಕೊಕ್ಕೆ ಮಾಡಿದ ತಂತಿಯಿಂದ ಹಳೇ ಫಿಲ್ಟರನ್ನು ಟ್ಯಾಂಕಿನ ಬಾಯಿಗೆ ಎಳೆಯಬಹುದು. ಟ್ಯಾಂಕಿಗೆ ಗಾಳಿ ಬರುವ ವೆಂಟನ್ನೂ ಊದಿ ನೋಡಬೇಕು. ಅದು ಕಟ್ಟಿದ್ದರೆ ಮೆಷಿನ್ ಐದು ನಿಮಿಷ ಚೆನ್ನಾಗಿ ಓಡಿ ಸಾಯುತ್ತದೆ, ಮುಚ್ಚಳ ತೆರೆದಾಗ ಉಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಓಡುತ್ತದೆ.

ಕಾರ್ಬೊರೇಟರಿನ ಡಯಾಫ್ರಮ್ ಎಂಬ ತೆಳು ಪದರ ಹೊಸದಿದ್ದಾಗ ಬಟ್ಟೆಯಂತೆ ಮೆತ್ತಗಿರಬೇಕು, ಇದರಲ್ಲಿ ಬೆರಳಲ್ಲಿ ಒತ್ತಿದರೆ ಟಕ್ ಅನ್ನುತ್ತಿತ್ತು. ರಿಪೇರಿ ಕಿಟ್ ಹಾಕುವಾಗ ಜೋಡಣೆಯ ಕ್ರಮ ತಪ್ಪಿದರೆ ಇಡೀ ಶ್ರಮ ವ್ಯರ್ಥ. ಪಂಪ್ ಇರುವ ಕಡೆ ಕಾರ್ಬೊರೇಟರಿನ ಮೈಗೆ ಅಂಟಿಕೊಂಡು ಡಯಾಫ್ರಮ್, ಅದರ ಮೇಲೆ ಗ್ಯಾಸ್ಕೆಟ್, ಆಮೇಲೆ ಮುಚ್ಚಳ. ಎದುರಿನ ಕಡೆ ತಿರುವುಮುರುವು: ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಮ್. ಸೂಜಿಯನ್ನು ಎತ್ತುವ ಸಣ್ಣ ಲಿವರ್ ಎಷ್ಟು ಎತ್ತರದಲ್ಲಿತ್ತು ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಳಗಿನ ಪುಟ್ಟ ಜಾಲರಿಯಲ್ಲಿ ಅಂಟು ಕಟ್ಟಿರುತ್ತದೆ. ರಂಧ್ರಗಳಿಗೆ ತಂತಿ ತೂರಿಸಬಾರದು, ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.

ಇಷ್ಟಾದರೂ ಸೈಲೆನ್ಸರ್ ಕಡೆಯ ಗೀರಿಗೆ ಇದೇ ಕಾರಣ ಎಂದು ನಂಬಿ ಮುಂದೆ ಹೋಗುವಂತಿಲ್ಲ. "ಓಡ್ತದೆ" ಎಂದು ತೋರಿಸಿದಾಗ ಮೆಷಿನ್ ಐಡಲ್‌ನಲ್ಲಿ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು, ಪಕ್ಕಕ್ಕೆ ವಾಲಿಸಿದರೆ ಸದ್ದೇ ಬದಲಾಗುತ್ತಿತ್ತು. ಇದು ಕ್ರ್ಯಾಂಕ್‌ಕೇಸಿನೊಳಗೆ, ಅಂದರೆ ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಯೊಳಗೆ, ಕಳ್ಳ ಗಾಳಿ ನುಗ್ಗುವ ಲಕ್ಷಣ. ಪರೀಕ್ಷೆಗೆ ಸೈಲೆನ್ಸರ್ ಕಿಂಡಿಗೆ ಟ್ಯೂಬಿನ ರಬ್ಬರ್ ತುಂಡು ಇಟ್ಟು ಸೈಲೆನ್ಸರನ್ನೇ ಮೇಲೆ ಬಿಗಿಯಬೇಕು, ಪ್ಲಗ್ ಹಾಕಿರಬೇಕು, ಕಾರ್ಬೊರೇಟರ್ ಜಾಗಕ್ಕೆ ನಿಪ್ಪಲ್ ಇರುವ ತಗಡು ಬಿಗಿದು ಕೈಪಂಪಿನಿಂದ 0.5 ಬಾರ್ ಒತ್ತಡ ಕೊಡಬೇಕು. 20 ಸೆಕೆಂಡ್ ಮುಳ್ಳು ಅಲುಗಬಾರದು. ಆಮೇಲೆ ಪಂಪನ್ನು ತಿರುಗಿಸಿ 0.5 ಬಾರ್ ನಿರ್ವಾತ ಎಳೆದರೆ, 20 ಸೆಕೆಂಡಿನಲ್ಲಿ 0.3ಕ್ಕಿಂತ ಕೆಳಗೆ ಬೀಳಬಾರದು. ಎರಡೂ ಬೇಕು. ಕೆಲವು ಸೀಲ್ ಒತ್ತಡ ತಡೆಯುತ್ತವೆ, ಎಳೆತಕ್ಕೆ ಬಿಟ್ಟುಕೊಡುತ್ತವೆ. ಇಲ್ಲಿ ಒತ್ತಡ ಕೊಟ್ಟಾಗಲೇ ಮುಳ್ಳು ಇಳಿಯಿತು. ಸೋಪಿನ ನೀರು ಹಚ್ಚಿ ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಿದ್ದಂತೆ ಫ್ಲೈವೀಲ್ ಕಡೆಯ ಆಯಿಲ್ ಸೀಲಿನ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದು ಒಡೆಯಿತು, ಅದೇ ಜಾಗದಲ್ಲಿ ಮತ್ತೊಂದು. ಗೀರಿನ ಕಾರಣ ಅಲ್ಲಿತ್ತು. ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಐಡಲ್ ಸರಿಮಾಡಿಕೊಂಡು ಓಡಿಸಿದ್ದರೆ ಇನ್ನೊಂದು ತಿಂಗಳು ಓಡಿ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು. ಸೋರಿಕೆ ಹುಡುಕಲು ಓಡುತ್ತಿರುವ ಮೆಷಿನ್ ಮೇಲೆ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದನ್ನು ಮಾಡಲೇಬೇಡಿ.

ಎಂಎಸ್ 180ರಲ್ಲಿ ಇಂಜಿನ್ ಹೊರತೆಗೆಯದೆ ಸೀಲನ್ನು ಸರಿಯಾಗಿ ಕೂರಿಸುವುದು ಕಷ್ಟ. ಸಿಲಿಂಡರಿನ ಕೆಳಗೊಂದು ತಟ್ಟೆ, ಎರಡರ ನಡುವೆ ಕ್ರ್ಯಾಂಕ್, ಬೇರಿಂಗ್, ಸೀಲ್. ಕ್ಲಚ್ ಬಿಚ್ಚಲು ಪಿಸ್ಟನ್ನನ್ನು ತಡೆಯಬೇಕು. ಪಿಸ್ಟನ್ ಮೇಲೇರುತ್ತ ಸೈಲೆನ್ಸರ್ ಕಿಂಡಿ ಮುಚ್ಚಿದ ಮೇಲೆ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ತುದಿ ಹೊರಗಿರಲಿ. ಕಿಂಡಿ ತೆರೆದಿರುವಾಗ ತುರುಕಿದರೆ ಹಗ್ಗ ಅದರಲ್ಲಿ ಸಿಕ್ಕಿ ತುಂಡಾಗುತ್ತದೆ. ಸ್ಕ್ರೂಡ್ರೈವರ್ ತೂರಿಸಿದರೆ ಪಿಸ್ಟನ್ ತೂತಾಗುತ್ತದೆ. ಕ್ಲಚ್ ಎಡ ತಿರುಪಿನದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಫ್ಲೈವೀಲ್ ನಟ್ ಮಾಮೂಲಿ ತಿರುಪಿನದು. ಎಲ್ಲ ಶಕ್ತಿ ಹಾಕಿ ತಪ್ಪು ದಿಕ್ಕಿಗೆ ತಿರುಗಿಸಿ ಕ್ರ್ಯಾಂಕ್ ಕೆಡಿಸಿದ ಮೆಷಿನ್ನುಗಳು ಎಷ್ಟೋ ಬರುತ್ತವೆ.

ಸಿಲಿಂಡರಿನ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿದ್ದರೆ ಗೋಡೆ ಹಾಳಾಗಿದೆ ಎಂದು ಬಿಸಾಡುವುದು ಬೇಡ. ಬಾತ್‌ರೂಮ್ ತೊಳೆಯುವ ಆಸಿಡ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿ ಕಡ್ಡಿಯಿಂದ ಅಂಟಿದ ಜಾಗಕ್ಕೆ ಮಾತ್ರ ಹಚ್ಚಿ. ಅಲ್ಯೂಮಿನಿಯಂ ಇರುವಷ್ಟು ಹೊತ್ತು ನೊರೆ ಬರುತ್ತದೆ. ನೊರೆ ನಿಂತ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆದು, ಒಣಗಿಸಿ ಆಯಿಲ್ ಹಚ್ಚಬೇಕು. ಗ್ಲೌಸು, ಕನ್ನಡಕ ಹಾಕಿ ಅಂಗಳದಲ್ಲಿ ಮಾಡುವ ಕೆಲಸ. ಕಿಂಡಿಯ ಅಂಚಿಗೆ, ಸಿಲಿಂಡರಿನ ಹೊರಮೈಗೆ ತಾಗಿಸಬಾರದು, ಅಲ್ಲಿ ಒಳಗೋಡೆಯ ಗಟ್ಟಿ ಲೇಪನ ಇಲ್ಲ, ಇರುವುದು ಬರೀ ಅಲ್ಯೂಮಿನಿಯಂ. ಮೊದಲನೆಯದರಲ್ಲಿ ನೊರೆ ನಿಂತು ಕೆಳಗೆ ಹೊಳೆಯುವ ಲೇಪನ ಇಡಿಯಾಗಿ ಸಿಕ್ಕಿತು. ಎರಡನೆಯದರಲ್ಲಿ ನೊರೆ ನಿಲ್ಲಲಿಲ್ಲ, ಲೇಪನವೇ ಸವೆದು ಹೋಗಿತ್ತು.

ಪಿಸ್ಟನ್ ತರಿಸುವಾಗ ಎರಡು ಅಳತೆ ಬೇಕು. 180ರ ಬೋರ್ (ಸಿಲಿಂಡರಿನ ಒಳವ್ಯಾಸ) 38 ಮಿಲಿಮೀಟರ್, ನೋಡಲು ಹಾಗೇ ಇರುವ 170ರದ್ದು 37. ಪಿಸ್ಟನ್ ಪಿನ್ 8 ಮತ್ತು 10 ಮಿಲಿಮೀಟರ್ ಎರಡು ಬಗೆಯಲ್ಲಿ ಸಿಗುತ್ತದೆ, ಹಳೆಯದನ್ನು ಅಳೆದೇ ಹೇಳಬೇಕು. ಇಂಜಿನ್ ಮುಚ್ಚುವಾಗ ಶಾಖಕ್ಕೂ ಪೆಟ್ರೋಲಿಗೂ ತಡೆಯುವ ಸೀಲೆಂಟನ್ನು ತೆಳ್ಳಗೆ ಒಂದೇ ಎಳೆ ಹಚ್ಚಬೇಕು. ದಪ್ಪ ಹಚ್ಚಿದರೆ ಉಳಿದದ್ದು ಒಳಗೆ ಉದುರಿ ಬೇರಿಂಗಿಗೆ ಸೇರುತ್ತದೆ. ಸ್ಕ್ರೂಗಳನ್ನು ಕರ್ಣಕ್ಕೆ ಬಿಗಿದು, ರಾತ್ರಿಯಿಡೀ ಒಣಗಲು ಬಿಟ್ಟು, ಮತ್ತೆ ಒತ್ತಡ ಪರೀಕ್ಷೆ. ಮುಳ್ಳು ನಿಂತಲ್ಲೇ ನಿಂತಿತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಮತ್ತು ಫ್ಲೈವೀಲ್ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ 0.2ರಿಂದ 0.3 ಮಿಲಿಮೀಟರ್ ಸಿಗುತ್ತದೆ. ಪ್ಲಗ್ ಗ್ಯಾಪ್ 0.5.

ಪೆಟ್ರೋಲಿಗೆ ಕಂಪನಿಯ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಬೇರೆ ಟೂ-ಟಿ ಆಯಿಲ್ ಆದರೆ 40 ಮಿಲಿ. ಡಬ್ಬಿಯ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂಬ ದರ್ಜೆಯ ಗುರುತು ಇರಲಿ. ದೋಣಿ ಇಂಜಿನ್ನಿನ ಆಯಿಲ್ ಬೇಡ, ಅದು ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು. ಅಳತೆಗೆ ಬಾಟಲಿ ಮುಚ್ಚಳ ಬಳಸಬೇಡಿ, ಮೆಡಿಕಲ್ ಶಾಪಿನ ಸಿರಿಂಜ್ ಸಾಕು. ಕಾರ್ಬೊರೇಟರಿನ ಎಲ್ ಸ್ಕ್ರೂ (ಕಡಿಮೆ ವೇಗದಲ್ಲಿ ಪೆಟ್ರೋಲ್ ಹೊಂದಿಸುವುದು) ಹಗುರಾಗಿ ಪೂರ್ತಿ ಬಿಗಿದು ಸುಮಾರು ಒಂದು ಸುತ್ತು ಬಿಟ್ಟು ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಐಡಲ್ ಕೂರಿಸಿ. ಐಡಲ್‌ನಲ್ಲಿ ಚೈನ್ ಅಲುಗಬಾರದು. ಚೈನ್ ಆಯಿಲ್ ಬರುತ್ತಿದೆಯೇ ನೋಡಲು ಬಾರಿನ ತುದಿಯನ್ನು ಪೇಪರಿಗೆ ತಾಗದಂತೆ ಮೇಲೆ ಹಿಡಿದು ರೇಸ್ ಕೊಟ್ಟರೆ ಗೆರೆ ಬೀಳಬೇಕು. ಪೆಟ್ರೋಲ್ ಮುಗಿಯುವಾಗ ಆಯಿಲ್ ಟ್ಯಾಂಕ್ ತುಂಬಿಯೇ ಇದ್ದರೆ ಪಂಪ್ ಅಥವಾ ಬಾರಿನ ತೂತು ಕಟ್ಟಿದೆ. ಜೀಪಿನಿಂದ ಇಳಿಸಿದ ಹಳೇ ಇಂಜಿನ್ ಆಯಿಲ್ ಹಾಕುವ ಅಭ್ಯಾಸವೂ ಇದಕ್ಕೆ ಒಂದು ಕಾರಣ, ಅದರಲ್ಲಿ ಲೋಹದ ಹುಡಿ ಇರುತ್ತದೆ.

ಚೈನಿಗೆ 4 ಮಿಲಿಮೀಟರ್ ದುಂಡು ಅರ, 30 ಡಿಗ್ರಿ ಓರೆ, ಅತಿ ಗಿಡ್ಡ ಹಲ್ಲಿನ ಅಳತೆಗೆ ಉಳಿದೆಲ್ಲ. ಪ್ರತಿ ಹಲ್ಲಿನ ಮುಂದಿರುವ, ಕೊಯ್ಯುವ ಆಳ ನಿಲ್ಲಿಸುವ ಉಬ್ಬು ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಲಿ. 14 ಇಂಚಿನ ಬಾರಿಗೆ 50 ಡ್ರೈವ್ ಲಿಂಕ್ (ಬಾರಿನ ಸೀಳಿನಲ್ಲಿ ಓಡುವ ಕೊಂಡಿ), 16ಕ್ಕೆ 55.

ಎರಡನೇ ಮೆಷಿನ್ ಅನ್ನು ಪಾರ್ಟಿಗಾಗಿ ಪೂರ್ತಿ ಬಿಚ್ಚಿದ್ದಾಯಿತು. ಅದರ ಕಾಯಿಲ್, ಸ್ಟಾರ್ಟರ್, ಬ್ರೇಕ್ ಕವರ್, ಟ್ಯಾಂಕ್ ಹ್ಯಾಂಡಲ್, ರಬ್ಬರ್ ಬುಷ್ ಎಲ್ಲ ಒಳ್ಳೆಯವೇ. ಕಾಯಿಲ್ ಎಷ್ಟೋ ಸಲ ಬಿಸಿಯಾದ ಮೇಲೆ ಮಾತ್ರ ಕೈಕೊಡುತ್ತದೆ, ಅದನ್ನು ಹಿಡಿಯಲು ಅದೇ ಮಾಡೆಲ್ಲಿನ ಇನ್ನೊಂದು ಕಾಯಿಲ್ ಕೈಯಲ್ಲಿರಬೇಕು. ಅದಕ್ಕಾಗಿಯೇ ಜೋಡಿ ಸಿಕ್ಕಿದರೆ ಜೋಡಿಯನ್ನೇ ಕೊಳ್ಳುವುದು.